ಎರಡು ಸಲ ಒತ್ತುವ ಬೆರಳು

ಆಫೀಸಿನಲ್ಲಿ ಎಲ್ಲರಿಗೂ ಅವಳು ದೊಡ್ಡಕ್ಕ. ವಯಸ್ಸು ನಲವತ್ತೂ ದಾಟಿರಲಿಲ್ಲ. ಆದರೆ ಆ ಆ್ಯಪಿನ ಮೊದಲ ಸಾಲು ಬರೆದವಳು ಅವಳೇ ಆದ್ದರಿಂದ ಹಿರಿತನ ತಾನಾಗಿಯೇ ಹೆಗಲೇರಿತ್ತು. ಆಸ್ಪತ್ರೆಯ ನರ್ಸ್‌ಗಳ ಫೋನಿನಲ್ಲಿ ಓಡುವ ಆ್ಯಪ್ ಅದು. ಯಾವ ರೋಗಿಗೆ ಯಾವ ಮಾತ್ರೆ ಎಂದು ತೋರಿಸುತ್ತದೆ. ಕೊಟ್ಟ ಮೇಲೆ ‘ಕೊಟ್ಟಾಯಿತು’ ಬಟನ್ ಒತ್ತಬೇಕು. ಒಟ್ಟು ಮೂವತ್ತೊಂದು ಪರದೆಗಳು, ಎಲ್ಲವೂ ಹತ್ತು ವರ್ಷದ ಹಿಂದಿನವು, ಒಂದೊಂದೂ ಮೈಮುರಿಯುತ್ತಾ ತೆರೆದುಕೊಳ್ಳುವ ಸೋಮಾರಿಗಳು.

ಎಲ್ಲವನ್ನೂ ಕಿತ್ತುಹಾಕಿ ಒಂದೇ ಏಟಿಗೆ ಹೊಸ ತಂತ್ರಜ್ಞಾನದಲ್ಲಿ ಬರೆಸಬೇಕೆಂದು ಮ್ಯಾನೇಜರ್ ಹಟ ಹಿಡಿದರು. ದೊಡ್ಡಕ್ಕ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ವಾರಕ್ಕೊಂದು ಪರದೆ ಬದಲಾಯಿಸ್ತೀನಿ ಸಾರ್. ಅಲ್ಲೀವರೆಗೂ ಹಳೇದೂ ಹೊಸದೂ ಒಟ್ಟಿಗೇ ಸಂಸಾರ ಮಾಡ್ಲಿ. ವಾರ್ಡಿನ ಕೆಲಸ ಒಂದು ದಿನಾನೂ ನಿಲ್ಲಬಾರದು.”

“ಒಂದು ದೂರು ಬಂತೋ, ಆಮೇಲೆ ನಾನು ಹೇಳಿದ ಹಾಗೆ,” ಎಂದರು ಮ್ಯಾನೇಜರ್.

ಹದಿನೇಳು ಪರದೆಗಳು ಬದಲಾದವು; ವಾರ್ಡುಗಳಲ್ಲಿ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಹದಿನೆಂಟನೆಯದು ‘ಕೊಟ್ಟಾಯಿತು’ ಪರದೆ. ಅದು ಹೊಸ ರೂಪದಲ್ಲಿ ವಾರ್ಡಿಗೆ ಹೋದ ದಿನವೇ ದೂರು ಬಂತು: ಕೊಟ್ಟ ಮಾತ್ರೆಯನ್ನು ಕೊಟ್ಟೇ ಇಲ್ಲ ಎಂದು ತೋರಿಸುತ್ತಿದೆ! ವಾರ್ಡಿನ ಹಿರಿಯ ನರ್ಸ್ ಚೀಟಿಯಲ್ಲೂ ಬರೆದಿಟ್ಟಿದ್ದರಿಂದ ಯಾರಿಗೂ ಎರಡನೇ ಸಲ ಮಾತ್ರೆ ಹೋಗಲಿಲ್ಲ, ಪುಣ್ಯ. ದೊಡ್ಡಕ್ಕ ಆ ಒಂದು ಪರದೆಯನ್ನು ಮಾತ್ರ ಹತ್ತೇ ನಿಮಿಷದಲ್ಲಿ ಹಳೆಯದಕ್ಕೆ ಮರಳಿಸಿದಳು.

“ನಾಳೆ ಸಂಜೆಯೊಳಗೆ ಕಾರಣ ಹೇಳಿ. ಇಲ್ಲಾಂದ್ರೆ ಎಲ್ಲಾ ಕಿತ್ತು ಹೊಸದಾಗಿ ಶುರು,” ಎಂದು ಮ್ಯಾನೇಜರ್ ಗಡುವು ಕೊಟ್ಟರು.

ದೊಡ್ಡಕ್ಕ ತನ್ನ ಮೇಜಿನ ಬಳಿ ಕೂತು ಆ ಬಟನ್ ನೂರು ಸಲ ಒತ್ತಿ ನೋಡಿದಳು. ನೂರು ಸಲವೂ ಸರಿ. ಕೊನೆಗೆ ಹೊಸ ಪರದೆಯಿದ್ದ ಪರೀಕ್ಷೆಯ ಫೋನ್ ಹಿಡಿದು ವಾರ್ಡಿಗೇ ಹೋದಳು. ಹಿರಿಯ ನರ್ಸ್ ಅದನ್ನು ತೆಗೆದುಕೊಂಡು ಹೆಬ್ಬೆರಳಿನಲ್ಲಿ ಒತ್ತಿದರು. ಟಕ್, ಟಕ್.

“ಎರಡು ಸಲ ಯಾಕೆ ಸಿಸ್ಟರ್?”

“ಮೊದಲ್ನೇದು ಅದನ್ನ ಎಬ್ಬಿಸೋಕೆ ಕಣಮ್ಮ, ಎರಡನೇದು ಕೆಲಸ ಮಾಡ್ಸೋಕೆ! ಹೊಸಬರು ಬಂದ್ರೂ ನಾವು ಹಾಗೇ ಕಲಿಸೋದು.”

ಹಳೆಯ ಪರದೆ ಎಷ್ಟು ನಿಧಾನವೆಂದರೆ ಎರಡು ಸಲ ಒತ್ತಿದರೂ ಒಂದೇ ಎಂದುಕೊಳ್ಳುತ್ತಿತ್ತು. ಹೊಸದರ ಕಿವಿ ಚುರುಕು: ಮೊದಲನೆಯದಕ್ಕೆ ‘ಕೊಟ್ಟಾಯಿತು’, ಎರಡನೆಯದಕ್ಕೆ ‘ರದ್ದು’. ದೊಡ್ಡಕ್ಕನಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಆ ಬೆರಳುಗಳನ್ನು ಹಾಗೆ ಪಳಗಿಸಿದ್ದು ತಾನೇ ಬರೆದ ಬಟನ್.

“ಒಂದೇ ಸಲ ಒತ್ತಿ ಅಂತ ಸುತ್ತೋಲೆ ಕಳಿಸಿಬಿಡಿ,” ಎಂದರು ಮ್ಯಾನೇಜರ್, ಅವಳು ಆಫೀಸಿಗೆ ಮರಳಿ ಕಾರಣ ಹೇಳಿದಾಗ.

“ಬೇಡ ಸಾರ್. ಹತ್ತು ವರ್ಷ ನನ್ನ ನಿಧಾನಕ್ಕೆ ಅವರು ಹೊಂದ್ಕೊಂಡ್ರು. ಈಗ ನಾನು ಹೊಂದ್ಕೋತೀನಿ. ಎರಡನೇ ಒತ್ತು ಏನೂ ಮಾಡಬಾರದು. ರದ್ದು ಮಾಡೋಕೆ ಬೇರೆ ಬಟನ್ ಇರ್ಲಿ. ಮೂವತ್ತೊಂದೂ ಒಂದೇ ದಿನ ಬದಲಾಗಿದ್ರೆ ಈ ತಪ್ಪನ್ನ ಎಲ್ಲೀಂತ ಹುಡುಕ್ತಿದ್ವಿ ಹೇಳಿ?”

ಮ್ಯಾನೇಜರ್ ತಲೆ ಕೆರೆದುಕೊಂಡರು. “ಸರಿ, ನಿಮ್ಮ ದಾರೀಲೇ ಮುಗಿಸಿ,” ಎಂದರು.

ಮೂರು ತಿಂಗಳ ಮೇಲೆ ಕೊನೆಯ ಪರದೆಯೂ ಬದಲಾಯಿತು. ಮ್ಯಾನೇಜರ್ ಉತ್ಸಾಹದಿಂದ ಹಿರಿಯ ನರ್ಸ್‌ಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

“ಹೊಸ ಆ್ಯಪ್ ಹೇಗಿದೆ ಸಿಸ್ಟರ್?”

“ಯಾವ ಹೊಸದು? ನಮ್ಮದು ಅದೇ ಹಳೇದು. ಈಗೀಗ ಚುರುಕಾಗಿದೆ. ಹೊಸದು ಗಿಸದು ಅಂತ ತಂದು ಇದನ್ನ ಕೆಡಿಸಬೇಡಿ ಸಾರ್, ಕೈ ಮುಗೀತೀನಿ.”

ಮ್ಯಾನೇಜರ್ ಕಕ್ಕಾಬಿಕ್ಕಿಯಾದರು. ದೊಡ್ಡಕ್ಕನ ಎದೆ ಹೆಮ್ಮೆಯಿಂದ ಉಬ್ಬಿತು. ಇದಕ್ಕಿಂತ ದೊಡ್ಡ ಬಿರುದನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ.

“ಆಯ್ತು ಸಿಸ್ಟರ್,” ಎಂದು ಫೋನಿನತ್ತ ಬಾಗಿ ಮಾತು ಕೊಟ್ಟಳು, “ಯಾರೂ ಮುಟ್ಟದ ಹಾಗೆ ನೋಡ್ಕೋತೀನಿ.”