ಕತ್ತರಿಸಲಾಗದ ಕೊಂಡಿ

ಗಂಟಣ್ಣ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿದನೆಂದರೆ ಅಂಗಡಿಯವನು ನಿಟ್ಟುಸಿರು ಬಿಟ್ಟು ಕೊಕ್ಕೆಗಳ ಡಬ್ಬಿಯನ್ನು ಮುಂದಕ್ಕೆ ತಳ್ಳಿಬಿಡುತ್ತಿದ್ದ. ಬೇರೆಯವರು ಬೇಕಾದ್ದನ್ನು ಕೊಂಡು ಹೋಗುತ್ತಾರೆ. ಈ ಪುಣ್ಯಾತ್ಮ ಜೇಬಿನಿಂದ ಅಯಸ್ಕಾಂತ ತೆಗೆದು ಒಂದೊಂದಕ್ಕೂ ತಾಗಿಸಿ ನೋಡುತ್ತಾನೆ. ಗಟ್ಟಿಯಾಗಿ ಅಂಟಿಕೊಂಡರೆ ಅದು ಉಪ್ಪುನೀರಿಗೆ ಬಾಳುವ ಸ್ಟೀಲಲ್ಲ, ಪಕ್ಕಕ್ಕೆ. ಮುಟ್ಟಿದರೆ ಸಾಕು ಒಳಕ್ಕೆ ಬಾಯಿ ಬಿಡುವಂಥದ್ದು ನೀರಿನಡಿ ಸಿಕ್ಕ ಹಗ್ಗವನ್ನೆಲ್ಲ ನುಂಗಿ ಕೂರುತ್ತದೆ, ಅದೂ ಪಕ್ಕಕ್ಕೆ. ಹೆಬ್ಬೆರಳಿನಲ್ಲಿ ಎಳೆದರೆ ಮಾತ್ರ ತೆರೆಯುವ ಕೊಕ್ಕೆ ಅವನಿಗೆ ಬೇಕು.

"ಇಲ್ಲಿ ಕೊಕ್ಕೆಗೂ ಪರೀಕ್ಷೆ, ನನಗೂ ಪರೀಕ್ಷೆ. ಯಾವುದೋ ಒಂದು ತಗೊಂಡು ಹೋಗಬಾರದಾ?" ಎಂದ ಅಂಗಡಿಯವನು.

"ಯಾವುದೋ ಒಂದನ್ನ ಕಟ್ಕೊಂಡು ನಿನ್ನ ಮಗಳು ನೀರಿಗಿಳೀತಾಳೇನು?"

ಅಂಗಡಿಯವನು ಡಬ್ಬಿಯನ್ನು ಇನ್ನಷ್ಟು ಹತ್ತಿರ ಸರಿಸಿದ. ಬಂದರಿನಲ್ಲಿ ಹಡಗುಗಳ ತಳ ಕೆರೆದು, ನೀರಡಿ ತಿರುಗುವ ಪಂಖಕ್ಕೆ ಸುತ್ತಿಕೊಂಡ ಬಲೆ ಬಿಡಿಸಿ ಬದುಕಿದವನು ಗಂಟಣ್ಣ. ಅವನು ಹಾಕಿದ ಗಂಟು ಜಪ್ಪಯ್ಯ ಅಂದರೂ ಜಾರುವುದಿಲ್ಲವೆಂದು ಆ ಹೆಸರು. ಅವನ ಮೋರೆ ನೋಡಿ ಇಟ್ಟ ಹೆಸರೆನ್ನುವವರೂ ಇದ್ದಾರೆ, ಅವರದೂ ಪೂರ್ತಿ ಸುಳ್ಳಲ್ಲ. ಕಿವಿ ಕೆಟ್ಟು ನೀರಿಗಿಳಿಯುವುದು ಬಿಟ್ಟ ಮೇಲೆ ಅವನ ಜಾಗಕ್ಕೆ ಮಗಳು ಇಳಿದಳು. ಅವಳ ಸಿಲಿಂಡರು, ಬೆಲ್ಟು, ಉಸಿರಿನ ಪೈಪು ಎಲ್ಲವನ್ನೂ ಜೋಡಿಸುವುದು ಮಾತ್ರ ಅವನೇ. ಅವನದೊಂದು ಕಾನೂನಿತ್ತು: ಲೋಹಕ್ಕೆ ಲೋಹ ಸೇರಿಸಬಾರದು. ಕೊಕ್ಕೆಗೂ ಸಾಮಾನಿಗೂ ನಡುವೆ ನೈಲಾನ್ ದಾರವೇ ಇರಬೇಕು. ಕೊಕ್ಕೆ ಎಲ್ಲಾದರೂ ಸಿಕ್ಕಿಕೊಂಡರೆ ಚಾಕುವಿನಿಂದ ದಾರ ಕೊಯ್ದು ಬಿಡಿಸಿಕೊಳ್ಳಬಹುದು. ಕೊಯ್ಯಲಾಗದ್ದನ್ನು ಮೈಗೆ ಕಟ್ಟಿಕೊಂಡವನು ಅದರ ಜೊತೆಗೇ ಉಳಿಯುತ್ತಾನೆ ಎಂದು ಬಂದರಿಗೆಲ್ಲ ಪಾಠ ಹೇಳಿದವನೂ ಅವನೇ.

ಅಂಥವನು ಇವತ್ತು ಎರಡು ಕೊಕ್ಕೆಗಳ ಜೊತೆಗೆ ತಿರುಪು ಬಿಗಿದು ಮುಚ್ಚುವ ಒಂದು ಸ್ಟೀಲಿನ ಕೊಂಡಿಯನ್ನೂ ಆರಿಸಿಕೊಂಡ.

"ಇದ್ಯಾಕೆ?"

"ಮನೆ ಗೇಟಿಗೆ," ಎಂದ ಗಂಟಣ್ಣ. ಅವನ ಮನೆಗೆ ಗೇಟೇ ಇರಲಿಲ್ಲ.

ಬಲಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಕೆಲವು ತಿಂಗಳಿಂದ ಮರಗಟ್ಟಿದ್ದವು. ಮೊದಲು ಅಂಗಿಯ ಗುಂಡಿ ಕೈಕೊಟ್ಟಿತು, ಆಮೇಲೆ ದಾರ. ಗಂಟು ಹಾಕಲು ಬೆರಳ ತುದಿ ಬೇಕು. ತಿರುಪು ಬಿಗಿಯಲು ಸ್ಪ್ಯಾನರನ್ನು ಮುಷ್ಟಿಯಲ್ಲಿ ಹಿಡಿದರೆ ಸಾಕು. ಮಗಳಿಗೆ ಹೇಳೋಣವೆಂದರೆ ನಾಲಿಗೆ ಏಳಲಿಲ್ಲ. ಹೇಳಿದರೆ ಅವಳು ಬೈಯುವವಳಲ್ಲ, ಮರುಕ ಪಡುವವಳು. ನೀನಿನ್ನು ಮನೆಯಲ್ಲಿ ಆರಾಮಾಗಿರು ಅಂದುಬಿಟ್ಟರೆ? ಬಂದರಿಗೆ ಹೋಗಲು ಅವನಿಗಿದ್ದ ನೆಪ ಅದೊಂದೇ, ಮಗಳ ಜೊತೆ ಕೂತು ನಾಲ್ಕು ಮಾತಾಡಲು ಇದ್ದದ್ದೂ ಅದೊಂದೇ. ಅದು ಹೋದರೆ ತಾನು ಯಾಕಿರಬೇಕೆಂದು ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಪಕ್ಕೆಗೆ ತೂಗುಹಾಕುವ ಆಪತ್ಕಾಲದ ಸಣ್ಣ ಸಿಲಿಂಡರಿನ ಮೇಲಿನ ಕೊಕ್ಕೆಗೆ ಹೇಗೋ ಹಲ್ಲಿನಿಂದ ಎಳೆದು ದಾರ ಕಟ್ಟಿದ. ಕೆಳಗಿನದಕ್ಕೆ ಜಪ್ಪಯ್ಯ ಅಂದರೂ ಆಗಲಿಲ್ಲ. ಅಲ್ಲಿ ಕೊಂಡಿ ಹಾಕಿ ತಿರುಪು ಬಿಗಿದ. ಕಾಣದಿರಲೆಂದು ಮೇಲೆ ಸೈಕಲ್ ಟ್ಯೂಬಿನ ತುಂಡು ಏರಿಸಿದ. ದಾರಕ್ಕಿಂತ ಇದೇ ಭದ್ರ ಎಂದು ತನಗೆ ತಾನೇ ಹೇಳಿಕೊಂಡ. ಬೇಲಿಯೇ ಎದ್ದು ಹೊಲ ಮೇಯುವಾಗ ಹೀಗೇ ಹೇಳಿಕೊಳ್ಳುತ್ತದೆಯೋ ಏನೋ.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ಮಗಳು ಗಾಳಿ ನೋಡಿದಳು, ಮೀಟರು ನೋಡಿದಳು, ಉಸಿರೆಳೆದು ನೋಡಿದಳು. ಗಂಟುಗಳನ್ನು ನೋಡಲಿಲ್ಲ. ಅಪ್ಪ ಕಟ್ಟಿದ್ದನ್ನು ಎಳೆದು ನೋಡುವುದು ಅವಳಿಗೆ ಗೊತ್ತೇ ಇರಲಿಲ್ಲ.

"ಯಾಕಪ್ಪ, ಮುಖ ಹೀಗಿದೆ?"

"ಬಿಸಿಲು," ಎಂದ. ಆಗಲೇ ಹೇಳಬಹುದಿತ್ತು. ಅಷ್ಟರಲ್ಲಿ ಅವಳು ನೀರಿಗೆ ಧುಮುಕಿಯಾಗಿತ್ತು.

ಹಡಗಿನ ಪಂಖಕ್ಕೆ ದೊಡ್ಡ ಬಲೆಯೊಂದು ಸುತ್ತಿಕೊಂಡಿತ್ತು. ಅವನು ಗುಳ್ಳೆಗಳನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಕೆಲಸ ಮಾಡುವವರ ಗುಳ್ಳೆ ಅತ್ತಿತ್ತ ಸರಿಯುತ್ತದೆ. ಇವು ಒಂದೇ ಕಡೆ ನಿಂತವು, ಆಮೇಲೆ ದಟ್ಟವಾದವು. ಹೆದರಿದವರು ಹಾಗೆ ಉಸಿರಾಡುತ್ತಾರೆ. ಪಕ್ಕದಲ್ಲಿ ಸಿಲಿಂಡರಿಗೆ ಗಾಳಿ ತುಂಬುವವನಿದ್ದ; ಮಗಳು ಚಿಕ್ಕಂದಿನಿಂದ ಅವನನ್ನು ಗಾಳಿ ಮಾವ ಎಂದೇ ಕರೆಯುತ್ತಿದ್ದಳು. ಅವನು "ದಾರ ಕೊಯ್ದು ಬರ್ತಾಳೆ ಬಿಡು," ಎಂದ. ಗಂಟಣ್ಣ ದೋಣಿಯ ಅಂಚು ಹಿಡಿದು ಅಳತೊಡಗಿದ.

ಅವಳು ಬಂದಳು. ಸೊಂಟದ ಬೆಲ್ಟಿಗೆ ಸಿಕ್ಕಿಸಿದ್ದ ಕೆಳಗಿನ ಕೊಕ್ಕೆ ಬಲೆಯೊಳಗೆ ಹೂತಿತ್ತು. ದಾರವಿರಬೇಕಾದ ಕಡೆ ಚಾಕು ಹಾಕಿದರೆ ಸ್ಟೀಲಿನ ಮೇಲೆ ಕಿರಗುಟ್ಟಿತ್ತು. ಕೊನೆಗೆ ಸೊಂಟದ ಬೆಲ್ಟನ್ನೇ ಕೊಯ್ದು, ಅಂಗೈಯನ್ನೂ ಸೀಳಿಕೊಂಡು, ಸಣ್ಣ ಸಿಲಿಂಡರನ್ನು ಅಲ್ಲೇ ಬಿಟ್ಟು ಮೇಲೆ ಬಂದಿದ್ದಳು. ಉಸಿರು ಹಿಡಿತಕ್ಕೆ ಬಂದ ಮೇಲೆ, ಅಪ್ಪ ಗಂಟು ಬಿಟ್ಟು ತಿರುಪು ಹಾಕಿದ್ದೇಕೆಂದು ಊಹಿಸಿದವಳಂತೆ, ಅವನ ಬಲಗೈ ಎಳೆದುಕೊಂಡಳು. ಹೆಬ್ಬೆರಳಿನ ತುದಿಗೆ ಉಗುರು ಊರಿದಳು. ಅವನು ಬೇರೆಲ್ಲೋ ನೋಡುತ್ತಿದ್ದ. ಅವನಿಗೆ ಗೊತ್ತೇ ಆಗಲಿಲ್ಲ.

"ಎಷ್ಟು ದಿನದಿಂದ ಹೀಗೆ?"

"ಚಳಿ ಶುರುವಾದಾಗಿಂದ."

"ಹೇಳಿದ್ರೆ ನಾನೇ ಕಟ್ಕೊಳ್ತಿದ್ನಲ್ಲಪ್ಪ. ನೀನು ಪಕ್ಕದಲ್ಲಿ ಕೂತು, ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ ಬೈತಿದ್ರೆ ಸಾಕಿತ್ತು ನಂಗೆ."

ಕೇಳಿದ್ದರೆ ಸಿಗುತ್ತಿದ್ದ ಆ ಜಾಗವನ್ನೇ ಅವನು ಮುಚ್ಚಿಟ್ಟು ಕಳೆದುಕೊಂಡಿದ್ದ.

ಅವಳ ಗಾಯ ಮಾಗಿದ ಮೇಲೆ ಹೊಸ ಸಿಲಿಂಡರು ಬಂತು. ಗಾಳಿ ತುಂಬುವ ಕೋಣೆಯಲ್ಲಿ ಮಗಳು ನೆಲದ ಮೇಲೆ ಸಾಮಾನು ಹರಡಿಕೊಂಡು ಕೂತಳು. ಅಪ್ಪನಿಗೆ ಬರಬೇಡ ಎನ್ನಲಿಲ್ಲ, ಕೂರಲು ಸ್ಟೂಲು ಸಹ ಎಳೆದುಕೊಟ್ಟಳು. ಕೊಕ್ಕೆಗೆ ದಾರ ಸುತ್ತಿ ಗಂಟು ಬಿಗಿದಳು. ಗಂಟಣ್ಣ ಬಗ್ಗಿ ನೋಡಿದ.

"ಇನ್ನೊಂದು ಸುತ್ತು ಬೇಕು ಮಗಾ. ಒದ್ದೆಯಾದ್ರೆ ಜಾರುತ್ತೆ."

ಮಗಳ ಕೈ ನಿಂತಿತು. ಅವಳು ಅವನ ಕಡೆ ನೋಡಲಿಲ್ಲ. ತಲೆಯೆತ್ತಿ ಮೂಲೆಯಲ್ಲಿ ಸಿಲಿಂಡರು ತುಂಬುತ್ತಿದ್ದವನನ್ನು, "ಹೌದಾ ಮಾವ?" ಎಂದು ಕೇಳಿದಳು.

ಗಾಳಿ ಮಾವ ಮುಜುಗರದಿಂದ ಗಂಟಣ್ಣನ ಮುಖ ನೋಡಿದ. ಆಮೇಲೆ ಬಂದು ದಾರ ಎಳೆದು ನೋಡಿ, "ಹೌದಮ್ಮ, ಬೇಕು," ಎಂದ.

ಆಗ ಅವಳು ಗಂಟು ಬಿಚ್ಚಿ ಮತ್ತೊಮ್ಮೆ ಸುತ್ತಿದಳು.