ಬಲಗಿವಿಯ ಸರದಿ

ಆಗತಾನೇ ಹುಟ್ಟಿದ ಮಕ್ಕಳ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಹೆರಿಗೆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದಲ್ಲಿ, ಕಿಟಕಿಯಿಲ್ಲದ ಒಂದು ಕೋಣೆ ಕೊಟ್ಟಿದ್ದಾರೆ. ಮಗುವಿನ ಕಿವಿಗೆ ಪುಟ್ಟ ರಬ್ಬರ್ ತುದಿ ಇಟ್ಟು ಗುಂಡಿ ಒತ್ತಿದರೆ ಹಸಿರು ದೀಪವೋ ಕೆಂಪು ದೀಪವೋ ಹತ್ತುತ್ತದೆ. ಎರಡು ನಿಮಿಷದ ಕೆಲಸ. ಆದರೆ ಆ ಕಿವಿ ನನ್ನ ಕೈಗೆ ಸಿಗಬೇಕಲ್ಲ! ದೇವರುಗಳದ್ದೆಲ್ಲ ಮುಗಿದ ಮೇಲೆ ನನ್ನ ಸರದಿ.

ಇಪ್ಪತ್ತೆರಡು ವರ್ಷದಲ್ಲಿ ಎಲ್ಲ ಧರ್ಮದವರನ್ನೂ ಕಂಡಿದ್ದೇನೆ. ಕೆಲವರು ಬಲಗಿವಿಯಲ್ಲಿ ಪ್ರಾರ್ಥನೆಯ ಕರೆ ಕೊಡುತ್ತಾರೆ. ಕೆಲವರು ಅದೇ ಬಲಗಿವಿಯಲ್ಲಿ ಹೆಸರನ್ನು ಮೂರು ಸಲ ಉಸುರುತ್ತಾರೆ. ಕೆಲವರು ನಾಲಿಗೆಗೆ ಜೇನು ಮುಟ್ಟಿಸಲು ಹೋಗಿ ನರ್ಸಮ್ಮನ ಕೈಲಿ ಉಗಿಸಿಕೊಳ್ಳುತ್ತಾರೆ. ಒಬ್ಬರು ಪಾದ್ರಿಗಳು ನೆತ್ತಿಗೆ ನೀರು ಹಾಕಿ, ಕಿವಿ ಮುಟ್ಟಿ, "ತೆರೆದುಕೊಳ್ಳಲಿ" ಎಂದಿದ್ದರು. ನನ್ನ ಯಂತ್ರದ ಪರವಾಗಿ ಮಾತಾಡಿದವರು ಅವರೊಬ್ಬರೇ. ಎಂಟನೆಯ ದಿನದ ಸುನ್ನತಿ, ಮೊದಲ ಕೂದಲು ತೆಗೆಸುವುದು, ಇವೆಲ್ಲ ನನ್ನ ಇಲಾಖೆಗೆ ಬರುವುದಿಲ್ಲ. ಬರದಿದ್ದುದೇ ಪುಣ್ಯ.

ಒಮ್ಮೆ ಬಂದ ಒಂದು ಮಗುವಿಗೆ ಇಬ್ಬರು ತಾತಂದಿರು. ಅಪ್ಪನ ಅಪ್ಪ ರೈಲ್ವೆ ನಿಲ್ದಾಣದಲ್ಲಿ ಗಾಡಿ ಬಂತು, ಗಾಡಿ ಹೋಯಿತು ಎಂದು ಮೈಕಿನಲ್ಲಿ ಕೂಗಿ ನಿವೃತ್ತರಾದವರು. ಅಮ್ಮನ ಅಪ್ಪ ಶಾಲೆಯ ಹೆಡ್‌ಮಾಸ್ಟರ್ ಆಗಿದ್ದವರು, ಉದ್ದ ಗಡ್ಡದವರು. ಇಬ್ಬರ ಧರ್ಮ ಬೇರೆ, ಗಂಟಲು ಮಾತ್ರ ಒಂದೇ ಅಳತೆ. ಹೆರಿಗೆ ಕೋಣೆಯ ಬಾಗಿಲು ತೆರೆದದ್ದೇ ತಡ, ಇಬ್ಬರೂ ಒಟ್ಟಿಗೆ ನುಗ್ಗಿದರಂತೆ. ರೈಲು ತಾತ ಕರೆ ಕೊಟ್ಟರು, ಮೇಷ್ಟ್ರು ತಾತ ಹೆಸರು ಹೇಳಿದರು, ಅದೂ ಒಂದೇ ಕಿವಿಗೆ, ಒಂದೇ ನಿಮಿಷದಲ್ಲಿ. ಯಾರದ್ದು ಮೊದಲು ಬಿತ್ತು ಎಂಬುದೇ ವ್ಯಾಜ್ಯ. ಆ ಅಪ್ಪ ಎನ್ನುವ ಪ್ರಾಣಿ ಅಡಕತ್ತರಿಯಲ್ಲಿ ಸಿಕ್ಕವನಂತೆ ಕಾರಿಡಾರಿನ ಆ ತುದಿಯಲ್ಲಿ ನಿಂತಿದ್ದ.

ಎರಡನೇ ದಿನ ನಾನು ವಾರ್ಡಿಗೆ ಹೋದಾಗ ತಾಯಿ ಬಾಯಿ ತೆರೆಯದೆ ಗಂಡನ ಕಡೆ ಕೈಯಲ್ಲೇ ಏನೋ ತೋರಿಸಿದಳು. ಅವನು ಬಿಸಿನೀರು ತಂದ. ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆ.

"ಮಿಲ್ಲಿನ ಅಭ್ಯಾಸ ಮೇಡಂ," ಎಂದು ನಕ್ಕಳು. "ನಾವಿಬ್ರೂ ನೂಲಿನ ಮಿಲ್ಲಲ್ಲಿ ಕೆಲ್ಸ ಮಾಡೋದು. ಆ ಗಲಾಟೇಲಿ ಕೂಗಿದ್ರೆ ಯಾರಿಗೆ ಕೇಳುತ್ತೆ? ಎಲ್ಲರಿಗೂ ಒಂದೊಂದು ಕೈ ಹೆಸರಿದೆ. ಮೇಸ್ತ್ರಿಗೆ ಹಿಂಗೆ." ತನ್ನ ಹೊಟ್ಟೆಯ ಮುಂದೆ ಒಂದು ದೊಡ್ಡ ಗುಡಾಣ ಬರೆದು ತೋರಿಸಿದಳು.

"ಮಗೂಗೆ ಏನು ಹೆಸರು?"

"ಎರಡಿದೆ. ತಾತಂದಿರು ಇಟ್ಟಿದ್ದು." ಆಮೇಲೆ ದನಿ ತಗ್ಗಿಸಿ, "ಅವರಿಬ್ರದ್ದೂ ಹೇಳಾಯ್ತು. ನಾನೇ ಇನ್ನೂ ಇವನ ಕಿವಿಗೆ ಏನೂ ಹೇಳಿಲ್ಲ ಮೇಡಂ. ನನ್ನ ಸರದಿ ಬರಲೇ ಇಲ್ಲ," ಎಂದಳು.

ಯಂತ್ರ ಇಟ್ಟೆ. ಕೆಂಪು. ಇನ್ನೊಂದು ಕಿವಿ. ಕೆಂಪು. ಹುಟ್ಟಿದ ಹೊಸತರಲ್ಲಿ ಕಿವಿಯೊಳಗೆ ನೀರಿದ್ದರೂ ಹೀಗಾಗುತ್ತದೆ, ಗಾಬರಿ ಬೇಡ ಎಂದೆ. ನನ್ನ ಮಾತು ಯಾರಿಗೆ ಬೇಕು?

"ಬೀಗರು ಆ ಎಳೇ ಕಿವೀಲಿ ಪ್ಲಾಟ್‌ಫಾರಂ ತುಂಬ ಕೇಳೋ ಹಾಗೆ ಕೂಗಿದ್ರಲ್ಲ, ಅದಕ್ಕೇ," ಎಂದರು ಮೇಷ್ಟ್ರು.

"ಬೀಗರು ಗಡ್ಡ ತುರುಕಿ ಕಿವಿ ಮುಚ್ಚಿಬಿಟ್ರಲ್ಲ, ಅದು?" ಎಂದರು ರೈಲು ತಾತ.

"ಇಬ್ರೂ ಆಚೆ ನಡೀರಿ!" ಎಂದು ಗದರಿದೆ. ಎಪ್ಪತ್ತು ದಾಟಿದವರಿಗೆ ಹಾಗೆ ಹೇಳಬಾರದು, ಒಪ್ಪುತ್ತೇನೆ. ಹೇಳಿ ಬಹಳ ಸಮಾಧಾನವಾಯಿತು.

ಹತ್ತು ದಿನದ ಮೇಲೆ ಮತ್ತೆ ಕೆಂಪು. ಆರನೇ ವಾರಕ್ಕೆ ದೊಡ್ಡ ಪರೀಕ್ಷೆ ಇಟ್ಟೆವು. ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಸದ್ದು ಕೇಳಿದಾಗ ಮೆದುಳಿನಲ್ಲಿ ಅಲೆ ಏಳುತ್ತದೆಯೇ ಎಂದು ನೋಡುವ ಪರೀಕ್ಷೆ. ಮಗು ಹಾಲು ಕುಡಿದು ನಿದ್ದೆ ಹೋಗಬೇಕು, ಕೋಣೆ ನಿಶ್ಶಬ್ದವಾಗಿರಬೇಕು, ಒಂದು ಗಂಟೆ ಹಿಡಿಯುತ್ತದೆ. ತಾತಂದಿರು ಒಳಗೇ ಇರುತ್ತೇವೆಂದು ಹಟ ಹಿಡಿದರು. ಒಬ್ಬರನ್ನು ಆಚೆ ಕಳಿಸಿದರೆ ಇನ್ನೊಬ್ಬರು ಗೆದ್ದಂತೆ.

"ಉಸಿರೂ ಬಿಡಲ್ಲ ತಾಯಿ," ಎಂದರು ರೈಲು ತಾತ.

ಆಶ್ಚರ್ಯವೆಂದರೆ ಬಿಡಲಿಲ್ಲ. ಮೂಲೆಯ ಬೆಂಚಿನ ಮೇಲೆ, ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ, ಕೈ ಕಟ್ಟಿ ಕುಳಿತರು. ಮೇಷ್ಟ್ರಿಗೆ ಕೆಮ್ಮು ಬಂತು. ರೈಲು ತಾತ ತಮ್ಮ ಕರವಸ್ತ್ರ ಕೊಟ್ಟರು, ಮೇಷ್ಟ್ರು ಅದನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ಕೆಮ್ಮು ನುಂಗಿದರು. ಧರ್ಮ ಕೆಡಲಿಲ್ಲ. ತಾಯಿ ಮಾತ್ರ ನನ್ನ ಮುಖ ನೋಡುತ್ತಿದ್ದಳು. ನಾನು ಪಿಸುಮಾತಿನಷ್ಟು ಸದ್ದು ಕೊಟ್ಟೆ, ಮಾತಿನಷ್ಟು ಕೊಟ್ಟೆ, ಕೂಗಿನಷ್ಟು ಕೊಟ್ಟೆ. ಪರದೆಯ ಮೇಲೆ ಗೆರೆ ಅಲ್ಲಾಡಲಿಲ್ಲ.

ಆಗ ರೈಲು ತಾತನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ರೈಲಿನ ಸೀಟಿ, ಪೂರ್ತಿ ದನಿಯಲ್ಲಿ. ನಾನೇ ಕುರ್ಚಿಯಿಂದ ಹಾರಿಬಿದ್ದೆ. ಅವರು ತಡಕಾಡಿ ಅದನ್ನು ಬಾಯಿ ಮುಚ್ಚಿಸುವಷ್ಟರಲ್ಲಿ ಮೂರು ಸೀಟಿ ಆಗಿತ್ತು.

"ಸದ್ಯ ಬೀಗರೇ, ಮಗು ಏಳಲಿಲ್ಲ," ಎಂದು ಮೇಷ್ಟ್ರು ಉಸ್ಸೆಂದರು.

ಹೇಳಿದ ಮೇಲೆ ತಾವೇ ಹೇಳಿದ್ದು ಅವರಿಗೆ ಅರ್ಥವಾಯಿತು. ಇಬ್ಬರೂ ಮಗುವಿನ ಕಡೆ ನೋಡಿದರು. ಅದು ಆರಾಮಾಗಿ ಮಲಗಿತ್ತು.

"ಹಾಗಾದ್ರೆ ನಾವು ಹೇಳಿದ್ದು?" ಮೇಷ್ಟ್ರ ಗಂಟಲು ಮೊದಲ ಬಾರಿ ಸಣ್ಣದಾಗಿತ್ತು.

"ಕೇಳಿಸಿಲ್ಲ ಸರ್."

"ಯಾರದ್ದು?"

"ಇಬ್ಬರದ್ದೂ."

ಆರು ವಾರದ ವ್ಯಾಜ್ಯ ಹೀಗೆ ಇತ್ಯರ್ಥವಾಯಿತು. ಈ ಸುದ್ದಿ ಹೇಳುವ ದಿನ ನನಗೆ ಊಟ ಸೇರುವುದಿಲ್ಲ. ಕಿವಿಗೆ ಹಾಕುವ ಯಂತ್ರವಿದೆ, ಆಪರೇಷನ್ ಇದೆ, ಬೇಗ ಗೊತ್ತಾದದ್ದು ಒಳ್ಳೆಯದೇ ಆಯಿತು, ನಾಳೆಯೇ ಡಾಕ್ಟರನ್ನು ನೋಡಿ ಎಂದೆ. ತಾಯಿ ಕೇಳಿಸಿಕೊಂಡಳು, ತಲೆಯಾಡಿಸಿದಳು, ಸೆರಗು ಕಚ್ಚಿ ಅತ್ತಳು. "ಗೊತ್ತಿತ್ತು ಮೇಡಂ. ಪಾತ್ರೆ ಬಿದ್ರೂ ಬೆಚ್ತಿರಲಿಲ್ಲ," ಎಂದಳು.

ತಂತಿ ಬಿಚ್ಚುವಾಗ ಮಗುವಿಗೆ ಎಚ್ಚರವಾಯಿತು. ಅವಳು ಮುಖ ಒರೆಸಿಕೊಂಡು, ಅದನ್ನು ತೊಡೆಯ ಮೇಲೆ ತನಗೆ ಎದುರಾಗಿ ಮಲಗಿಸಿಕೊಂಡಳು. ಮಗುವಿನ ಎಡಗೆನ್ನೆಯ ಮೇಲೊಂದು ಮಚ್ಚೆ. ಆ ಮಚ್ಚೆಯನ್ನು ಬೆರಳಲ್ಲಿ ಎರಡು ಸಲ ಮುಟ್ಟಿದಳು. ಆಮೇಲೆ ತನ್ನ ಕೆನ್ನೆಯನ್ನು, ಅದೇ ಜಾಗದಲ್ಲಿ, ಎರಡು ಸಲ. ಮತ್ತೆ ಮಾಡಿದಳು. ಮಗು ಅವಳ ಮುಖದಿಂದ ಕಣ್ಣು ಕೀಳಲಿಲ್ಲ.

"ಏನಮ್ಮಾ ಅದು?" ಎಂದರು ರೈಲು ತಾತ.

"ಹೆಸರು ಮಾವ. ಈ ಸಲ ಮೊದಲು ನಾನೇ."

ಇಬ್ಬರೂ ಎದ್ದು ಹತ್ತಿರ ಬಂದರು. ಇನ್ನು ಶುರು, ನೂಕಾಟ ಬಿಡಿಸಬೇಕು ಎಂದು ನಾನು ಸೆಟೆದು ನಿಂತೆ.

"ನೀವು ಹೇಳಿ ಬೀಗರೇ," ಎಂದರು ಮೇಷ್ಟ್ರು, ಪಕ್ಕಕ್ಕೆ ಸರಿದು.

ಜೀವಮಾನವೆಲ್ಲ ಮೈಕಿನಲ್ಲಿ ಕೂಗಿದ ಆ ಮುದುಕ ಮಗುವಿನ ಮುಂದೆ ಬಾಗಿ, ಬಾಯಿ ಬಿಗಿ ಮುಚ್ಚಿಕೊಂಡು, ತನ್ನ ಕೆನ್ನೆಯನ್ನು ಎರಡು ಸಲ ಮುಟ್ಟಿಕೊಂಡ. ಮಗು ಅವನ ಕಡೆ ನೋಡಿತು.