ಅಜ್ಜಿಗೆ ಓದಿ ಹೇಳಿದ ಕರಪತ್ರ

ನಮ್ಮ ಅಜ್ಜಿ ಚಿಕ್ಕಲಕ್ಷ್ಮಮ್ಮನಿಗೆ ಓದು ಬರುತ್ತಿರಲಿಲ್ಲ. ಆ ಒಂದು ಕೊರತೆಯ ಮೇಲೆ ನಾನು ಎಂಟು ತಿಂಗಳು ರಾಜನ ಹಾಗೆ ಬದುಕಿದೆ. ಹಾಜರಿ ಕಡಿಮೆಯೆಂದು ಐ.ಟಿ.ಐ.ನಿಂದ ಕಾಗದ ಬಂದರೆ, ಹುಡುಗ ಬಲು ಚುರುಕು ಎಂದು ಬರೆದಿದ್ದಾರೆ ಅಂತ ಓದಿಬಿಡುತ್ತಿದ್ದೆ. ಅಜ್ಜಿ ಖುಷಿಯಾಗಿ ಮೊಟ್ಟೆ ಬೇಯಿಸಿ ಕೊಡುತ್ತಿದ್ದಳು. ತಿನ್ನಲು ನನಗೆ ಹಸಿವೇ ಇರುತ್ತಿರಲಿಲ್ಲ. ಗೆಳೆಯನೊಬ್ಬ ರುಚಿ ತೋರಿಸಿದ ಮಾತ್ರೆಗಳ ಚಟಕ್ಕೆ ಬಿದ್ದಿದ್ದೆ. ಬಿಡುತ್ತೇನೆಂದು ಪ್ರತಿ ಸೋಮವಾರ ಆಣೆ ಮಾಡಿ ಮಂಗಳವಾರ ಮುರಿಯುತ್ತಿದ್ದೆ.

ರಾಮನಗರದ ನಮ್ಮ ಬೀದಿಯ ತುಂಬ ರೇಷ್ಮೆ ನೂಲು ಬಿಚ್ಚುವವರು. ಅಜ್ಜಿ ಗೌಸ್ ಸಾಹೇಬರ ಬಳಿ ಕೆಲಸಕ್ಕಿದ್ದಳು. ಒಂದು ಸಂಜೆ ಅಲ್ಲಿಂದ ಕರಪತ್ರವೊಂದನ್ನು ಹಿಡಿದು ಬಂದು, ಓದು ಎಂದಳು. 'ನಿಮ್ಮ ಮಕ್ಕಳು ಮಾದಕ ವಸ್ತುವಿನ ಬಲೆಗೆ ಬಿದ್ದಿದ್ದಾರೆಯೇ?' ಎಂದು ಮೇಲೆ ದಪ್ಪಕ್ಷರ. ಕೆಳಗೆ ಲಕ್ಷಣಗಳು: ಊಟ ಸೇರದಿರುವುದು, ಬಾಗಿಲು ಹಾಕಿಕೊಂಡು ಕೂರುವುದು, ಹಳೆಯ ಗೆಳೆಯರನ್ನು ದೂರ ಮಾಡುವುದು, ಮಾತುಮಾತಿಗೆ ಸುಳ್ಳು. ಯಾರೋ ನಮ್ಮ ಮನೆಯ ಕಿಟಕಿಯಲ್ಲಿ ನಿಂತು ಬರೆದ ಹಾಗಿತ್ತು.

ಅದನ್ನೆಲ್ಲ ಹಾರಿಸಿಬಿಟ್ಟೆ. ಕಣ್ಣು ಕೆಂಪಾಗುವುದು, ಕೆಮ್ಮು, ಬೆರಳ ತುದಿ ಬಿಳಿಚಿ ಸಿಪ್ಪೆ ಏಳುವುದು ಎಂದು ಗಂಭೀರವಾಗಿ ಓದಿದೆ. ಇದಿಷ್ಟೂ ದಿನವಿಡೀ ಹಬೆಯ ಮುಂದೆ ಕೂತು, ಬಿಸಿನೀರಿನಲ್ಲಿ ಬೇಯುವ ರೇಷ್ಮೆಗೂಡಿನಲ್ಲಿ ಎಳೆ ಹುಡುಕುವವರ ಲಕ್ಷಣ.

ಅಜ್ಜಿ ತನ್ನ ಬೆರಳುಗಳನ್ನೇ ಒಮ್ಮೆ ನೋಡಿಕೊಂಡಳು. ಹಾಗಾದರೆ ಇಡೀ ಬೀದಿಗೇ ಹತ್ತಿಕೊಂಡಿದೆ ಎಂದಳು. ನಗು ತಡೆಯಲಾರದೆ ನಾನು ಹಿತ್ತಿಲಿಗೆ ಓಡಿದೆ.

ಮಾರನೆಯ ದಿನದಿಂದ ಅಜ್ಜಿಯ ತಪಾಸಣೆ ಶುರುವಾಯಿತು. ಗೌಸ್ ಸಾಹೇಬರ ಕಣ್ಣರೆಪ್ಪೆ ಎಳೆದು ನೋಡಿದಳು. ಅಲ್ಲೇ ಕೆಲಸಕ್ಕಿದ್ದ, ಎಪ್ಪತ್ತು ದಾಟಿದ ಫಕ್ರುದ್ದೀನ್ ತಾತನನ್ನು, ಈ ಚಟ ಎಂದಿನಿಂದ ಎಂದು ಕೇಳಿದಳು. ಪಕ್ಕದಲ್ಲಿ ಕೂತು ನೂಲು ಬಿಚ್ಚುವ ಅಖ್ತರಿಯವರ ಬೆರಳು ಹಿಡಿದು ಲೊಚಗುಟ್ಟಿದಳು. ಯಾರೂ ರೇಗಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಜಾಣನೆಂದುಕೊಂಡವನಿಗೆ ಬುದ್ಧಿ ತಡ.

ಗುರುವಾರ ಶಾಲೆಯ ಸಭಾಂಗಣದಲ್ಲಿ ಕರಪತ್ರ ಹಂಚಿದವರ ಶಿಬಿರವಿತ್ತು. ಚಟಕ್ಕೆ ಬಿದ್ದವರಿಗೆ ಅಲ್ಲಿ ಸಲಹೆ, ಔಷಧಿ ಕೊಡುತ್ತಿದ್ದರು. ಅಜ್ಜಿ ಗೌಸ್ ಸಾಹೇಬರೂ ಸೇರಿ ಏಳು ಜನರನ್ನು ಹೊರಡಿಸಿ, ಹೆಸರು ಬರೆಯಲು ಅಕ್ಷರ ಬಲ್ಲವನು ಬೇಕೆಂದು ನನ್ನನ್ನೂ ಕರೆದಳು. ತಮಾಷೆ ನೋಡುವ ಆಸೆಗೆ ನಾನೂ ಹೋದೆ.

ತಾಹೇರಾ ಮೇಡಂ ಎಂಬ ಸಲಹೆಗಾರ್ತಿ ಕೂತಿದ್ದರು. ಆ ಏಳು ಜನರ ಬೆರಳು ನೋಡಿ, ಇದು ಚಟವಲ್ಲ, ಕಸುಬು ಎಂದು ನಗುತ್ತಾರೆಂದು ಕಾದೆ. ಅವರು ಬೆರಳು ನೋಡಲೇ ಇಲ್ಲ. ಎದುರಿನ ಕುರ್ಚಿ ತೋರಿಸಿ, "ಕೂತ್ಕೊಳ್ಳಿ ಪುಟ್ಟಸ್ವಾಮಿ" ಎಂದರು.

ನಾನು ಅವರಿಗೆ ನನ್ನ ಹೆಸರು ಹೇಳಿರಲಿಲ್ಲ. ತಿರುಗಿದರೆ ಬಾಗಿಲಿಗೆ ಅಡ್ಡವಾಗಿ ಅಜ್ಜಿ ನಿಂತಿದ್ದಳು. ಕರಪತ್ರ ಹಂಚಿದ ದಿನವೇ ಮೇಡಂ ಅದನ್ನು ಗೌಸ್ ಸಾಹೇಬರ ಕೆಲಸದವರಿಗೆಲ್ಲ ಎರಡು ಸಲ ಓದಿ ಹೇಳಿದ್ದರಂತೆ. ನನ್ನ ವಿಷಯವನ್ನು ಅಜ್ಜಿ ಆಮೇಲೆ ಅವರಿಗೂ ಆ ಏಳು ಜನರಿಗೂ ಹೇಳಿದ್ದಳಂತೆ.

"ಮತ್ತೆ ನನ್ ಕೈಲಿ ಯಾಕ್ ಓದಿಸ್ದೆ?" ಎಂದೆ.

"ಏನೇನ್ ಬುಟ್ಟು ಓದ್ತೀಯ ನೋಡಾನ ಅಂತ ಕಣ್ಲಾ. ನೀನ್ ಬುಟ್ಟಿದ್ದೆಲ್ಲ ನಿಂದೇ ಆಗಿತ್ತು."

ಸಿಟ್ಟು ನೆತ್ತಿಗೇರಿತು. ಬೀದಿಯವರ ಮುಂದೆ ಮಾನ ಕಳೆದೆಯಲ್ಲ ಎಂದು ಕೂಗಾಡಿದೆ. ಒಬ್ಬನೇ ಬಾ ಎಂದಿದ್ದರೆ ಬರುತ್ತಿದ್ದೆಯಾ ಎಂದಳು ಅಜ್ಜಿ. ಅವಳ ದನಿ ಒಡೆದಿತ್ತು. ನಾನು ಸಾಯುತ್ತೇನೆಂಬ ಭಯ ಅವಳಿಗೆ ಎಂಟು ತಿಂಗಳಿಂದಲೂ ಇತ್ತು ಎಂದು ಆಗ ಗೊತ್ತಾಯಿತು.

ಗೋಡೆಯ ಪಕ್ಕದ ಬೆಂಚಿನಲ್ಲಿ ಏಳು ಜನ ಕೂತಿದ್ದರು. ಬೇಯಿಸಿದ ಗೂಡನ್ನು ಬಿಟ್ಟು ಎದ್ದರೆ ನೂಲು ಕೆಡುತ್ತದೆ. ಮದುವೆಗೆ ಕರೆದರೂ ಒಲೆಯ ಮೇಲಿನ ಬಾಣಲೆ ಬರಿದಾದ ಮೇಲೆಯೇ ಏಳುವ ಜನ ಅವರು. ಈಗ ಬೆಳಗಿನ ಹನ್ನೊಂದು ಗಂಟೆಗೆ, ಚಟಗಾರರೆಂಬ ಹೆಸರು ಹೊತ್ತು ನನ್ನ ಜೊತೆಗೆ ಬಂದು ಕೂತಿದ್ದರು. ನಾಚಿಕೆಯಿಂದ ತಲೆ ತಗ್ಗಿತು. ಅಳು ಬಂತು. ಕುರ್ಚಿಯಲ್ಲಿ ಕೂತೆ. ಎಲ್ಲ ಹೇಳಬೇಕಾದರೆ ತುಂಬಾ ಹೊತ್ತಾಗುತ್ತದೆ ಎಂದು ಮೇಡಂಗೆ ಹೇಳಿದೆ.

ಅದಕ್ಕೆ ಉತ್ತರ ಬಂದದ್ದು ಬೆಂಚಿನಿಂದ, ಗೌಸ್ ಸಾಹೇಬರದು.

"ಆಗ್ಲಿ ಬುಡಪ್ಪ. ನಾವು ಒಲೆ ಆರ್ಸೇ ಬಂದಿದೀವಿ."